ಸೋಲಬೇಕಾಗಿದ್ದ ಕೊಡೆ

ತಮ್ಮ: ಭಾವ, ನಿಮಗೆ ಕೈ ಮುಗೀತೀನಿ, ದಯವಿಟ್ಟು ಸೋತುಬಿಡಿ.

ಇವರು: ಸೋಲೋಕೆ ನಾನೇನ್ ಮಾಡ್ಬೇಕಪ್ಪ? ಸುಮ್ನೆ ಕೂತಿದೀನಲ್ಲ.

ತಮ್ಮ: ಸುಮ್ನೆ ಕೂತ್ರೆ ಗೆದ್ದುಬಿಡ್ತೀರಿ. ಅದೇ ನನ್ನ ಭಯ.

ನಾನು: ಚೆನ್ನಾಗಿದೆ ಕಣೋ. ಎರಡು ತಿಂಗಳ ಹಿಂದೆ ಇದೇ ಸ್ಟೂಲ್ ಮೇಲೆ ಕೂತು, ಗೆಲ್ಲೋ ಮಾತೇ ಇಲ್ಲ ಅಂದಿದ್ದವನು ನೀನೇ ತಾನೆ?

ತಮ್ಮ: ಅದು ಆಗಿನ ಅಂಕಿ ಅಂಶ ಅಕ್ಕ. ಈಗ ಬೇರೆ.

ಇವರು ಎಂದರೆ ನನ್ನ ಗಂಡ. ನಾನು ಹೆಸರು ಹಿಡಿದು ಕರೆಯುವುದು ಸಿಟ್ಟು ಬಂದಾಗ ಮಾತ್ರ, ಆಗ ಬಾಯಿಗೆ ಬರುವ ಹೆಸರುಗಳು ಅಚ್ಚು ಹಾಕಿಸುವಂಥವಲ್ಲ. ಕೊಡೆ ರಿಪೇರಿ ಇವರ ಕಸುಬು. ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವೆ ಯಾರಿಗೂ ಬೇಡವಾಗಿ ಉಳಿದುಹೋದ ಜಾಗ. ಮೇಲೆ ನೋಡಿದರೆ ಕೊಡೆ, ಪಕ್ಕಕ್ಕೆ ತಿರುಗಿದರೆ ಕೊಡೆ, ಕಾಲಿಟ್ಟಲ್ಲೆಲ್ಲ ಕೊಡೆಯ ಕಡ್ಡಿ. ಮಧ್ಯೆ ಹೊಲಿಗೆ ಮೆಷಿನ್ನು, ಅದರ ಮೇಲೆ ಲ್ಯಾಪ್‌ಟಾಪು, ಅದರೊಳಗೆ ಒಂದು ಹಸಿರು ಪಟ್ಟಿ. ಆ ಪಟ್ಟಿ ತೊಂಬತ್ತೇಳು ಪರ್ಸೆಂಟಿಗೆ ಬಂದು ನಿಂತಿತ್ತು. ಸಂಜೆ ಆರಕ್ಕೆ ಗಡುವು, ಆಗಲೇ ಐದು ದಾಟಿತ್ತು.

ಇದಕ್ಕೆ ಕ್ರೌಡ್‌ಫಂಡಿಂಗ್ ಎನ್ನುತ್ತಾರೆ. ನಮ್ಮ ಹತ್ತಿರ ದುಡ್ಡಿಲ್ಲ, ತಲೆಯಲ್ಲಿ ಮಾತ್ರ ಒಂದು ಯೋಚನೆ ಇದೆ ಎಂದು ಇಂಟರ್‌ನೆಟ್ಟಿನಲ್ಲಿ ಜಗತ್ತಿಗೆಲ್ಲ ಹೇಳಿಕೊಳ್ಳುವುದು. ಇಷ್ಟು ಬೇಕು, ಇಂಥ ದಿನದೊಳಗೆ ಬೇಕು ಎಂದು ಮೊದಲೇ ಬರೆಯಬೇಕು. ಗುರಿ ಮುಟ್ಟಿದರೆ ಅಷ್ಟೂ ನಮ್ಮದು. ಒಂದು ಬಿಡಿಗಾಸು ಕಡಿಮೆಯಾದರೂ ಕೊಟ್ಟವರ ದುಡ್ಡು ಕೊಟ್ಟವರಿಗೇ ವಾಪಸ್, ನಮಗೆ ಬರೀ ನಮಸ್ಕಾರ.

ಇವರ ಯೋಚನೆಯ ಹೆಸರು ಜಗಳದ ಕೊಡೆ. ಒಂದೇ ಕೊಡೆ, ಎರಡು ಹಿಡಿ, ನಡುವೆ ಒಂದು ಪರದೆ. ಜಗಳವಾಡಿಕೊಂಡ ಗಂಡ ಹೆಂಡತಿ ಮಳೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಮನೆ ಸೇರಬಹುದು. ಏನಾದರೂ ಹೇಳುವುದು ಮರೆತುಹೋಗಿದ್ದರೆ ಪರದೆ ಸರಿಸಿ ಹೇಳಿ, ಮತ್ತೆ ಮುಚ್ಚಿಕೊಳ್ಳಬಹುದು. ಇಷ್ಟು ವರ್ಷ ಊರವರ ಕೊಡೆಗೆ ತೇಪೆ ಹಾಕಿದ ಮನುಷ್ಯ, ತನ್ನದು ಅಂತ ಒಂದು ಕೊಡೆ ಮಾಡಬೇಕೆಂದು ಆಸೆಪಟ್ಟಿದ್ದರು. ಅದರ ವಿಡಿಯೋದಲ್ಲಿ ಜಗಳವಾಡುವ ಹೆಂಡತಿ ನಾನೇ. ಬಹಳ ಸಹಜವಾಗಿ ನಟಿಸಿದ್ದೀರಿ ಎಂದು ಎಷ್ಟೋ ಜನ ಬರೆದಿದ್ದರು. ನಟಿಸಿದ್ದು ಯಾರು.

ಸೋತರೆ ಏನು ಎನ್ನುವುದೂ ಶುರು ಮಾಡಿದ ದಿನವೇ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದ್ದು ನನ್ನ ತಮ್ಮ. ಅವನು ವಿಮಾ ಕಂಪನಿಯಲ್ಲಿ ಲೆಕ್ಕ ಹಾಕುವವನು. ಯಾರು ಯಾವ ವಯಸ್ಸಿಗೆ ಹೋಗುತ್ತಾರೆ, ಯಾರ ಕಾರು ಯಾರ ಕಾರಿಗೆ ಗುದ್ದುತ್ತದೆ ಎಂದು ಕೂತಲ್ಲಿಂದಲೇ ಹೇಳುತ್ತಾನೆ. ಮನೆಮಂದಿಗೆಲ್ಲ ಅವನು ‘ಶೇಕಡಾ’. ಮದುವೆಗೆ ಒಪ್ಪಿಗೆಯಾ ಎಂದು ಕೇಳಿದಾಗ ಶೇಕಡಾ ಎಪ್ಪತ್ತು ಎಂದಿದ್ದ. ಉಳಿದ ಮೂವತ್ತು ಎಲ್ಲಿ ಎಂದು ಅವನ ಹೆಂಡತಿ ಆಗಾಗ ಕೇಳುತ್ತಿದ್ದಳು. ಇಂಥವನು ಬಂದು, ಈ ಥರದ ಪ್ರಯತ್ನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಳುಗುತ್ತವೆ, ನಿಮ್ಮದೂ ಮುಳುಗುತ್ತದೆ, ಮುಳುಗಿದರೆ ಅಂಗಡಿಗೆ ಬೀಗ ಹಾಕಿ ಸೋಮವಾರದಿಂದ ನಮ್ಮ ಆಫೀಸಿಗೆ ಬನ್ನಿ, ನನ್ನ ಕೈಕೆಳಗೆ ಒಂದು ಕುರ್ಚಿ ಖಾಲಿ ಇದೆ ಎಂದು ಉಪದೇಶ ಮಾಡಿದ್ದ. ಇವರು ತಲೆಯಾಡಿಸಿದ್ದರು. ಯಾರು ಏನು ಹೇಳಿದರೂ ತಲೆಯಾಡಿಸುವುದು, ಆಮೇಲೆ ಹಾಸಿಗೆಯಲ್ಲಿ ಹೊರಳಾಡುವುದು ಇವರ ಪದ್ಧತಿ.

ಅಂಥ ತಮ್ಮ ಇವತ್ತು ಆಫೀಸಿನಿಂದ ಎದ್ದುಬಿದ್ದು ಓಡಿಬಂದಿದ್ದ. ಅಭಿನಂದನೆ ಹೇಳಲು ಬಂದನೇನೋ ಎಂದು ನಾನು ನಿಜವಾಗಿಯೂ ಸಂತೋಷಪಟ್ಟಿದ್ದೆ. ನನ್ನ ಬುದ್ಧಿಗಿಷ್ಟು.

ನಾನು: ಭಾವ ಗೆದ್ರೆ ನಿನಗೇನೋ ನಷ್ಟ? ನಿನ್ನ ಗಂಟೇನಾದ್ರೂ ಹೋಗತ್ತಾ?

ತಮ್ಮ: ಹೋಗತ್ತೆ.

ನಾನು: ಏನು?

ತಮ್ಮ: ಗಂಟೇ ಹೋಗತ್ತೆ ಅಕ್ಕ. ನಾನೂ ದುಡ್ಡು ಹಾಕಿದೀನಿ.

ಇವರ ಮುಖ ಅರಳಿತು. ಎದ್ದು ತಮ್ಮನ ಎರಡೂ ಕೈ ಹಿಡಿದುಕೊಂಡರು. ಹೇಳಬಾರದಿತ್ತಾ, ನಾನು ನಿನ್ನ ಬಗ್ಗೆ ಏನೇನೋ ಅಂದುಕೊಂಡಿದ್ದೆ, ನಿನ್ನ ಅಕ್ಕನೂ ಬಹಳ ಅಂದಿದ್ದಾಳೆ, ಅದನ್ನೆಲ್ಲ ವಾಪಸ್ ತೆಗೆದುಕೊಂಡಿದ್ದೇವೆ ಎಂದರು. ನಾನೇನೂ ವಾಪಸ್ ತೆಗೆದುಕೊಂಡಿರಲಿಲ್ಲ. ತಮ್ಮ ಕೈ ಬಿಡಿಸಿಕೊಳ್ಳಲು ನೋಡುತ್ತಿದ್ದ.

ನಾನು: ಮುಳುಗತ್ತೆ ಅಂತ ಹೇಳಿದವನು ಹಾಕಿದ್ದ್ಯಾಕೆ?

ತಮ್ಮ: ಮುಳುಗತ್ತೆ ಅಂತಲೇ ಹಾಕಿದ್ದು.

ಇವರು: ಅರ್ಥ ಆಗ್ಲಿಲ್ಲಪ್ಪ.

ತಮ್ಮ: ಭಾವ, ನೋಡಿ. ಸೋತ್ರೆ ದುಡ್ಡು ವಾಪಸ್ ಬರತ್ತೆ. ಸೋಲೋದು ಹೆಚ್ಚುಕಡಿಮೆ ಖಂಡಿತ. ಅಂದ್ಮೇಲೆ ಎಷ್ಟು ಹಾಕಿದ್ರೂ ಖರ್ಚಿಲ್ಲ. ಕೊಟ್ಟ ಹಾಗೂ ಆಯ್ತು, ದುಡ್ಡು ಉಳಿದ ಹಾಗೂ ಆಯ್ತು. ನಿಮಗೂ ಒಂದೆರಡು ದಿನ ಖುಷಿ. ಅದಕ್ಕೇ ಸ್ವಲ್ಪ ಕೈ ಬಿಚ್ಚಿ ಹಾಕ್ದೆ.

ನಾನು: ಎಷ್ಟು ಬಿಚ್ಚಿದೆ?

ತಮ್ಮ: ವಾಷಿಂಗ್ ಮೆಷಿನ್ನಷ್ಟು.

ಹೆಂಡತಿ ವಾಷಿಂಗ್ ಮೆಷಿನ್ನಿಗೆಂದು ಬ್ಯಾಂಕಿನಲ್ಲಿ ಕೂಡಿಟ್ಟಿದ್ದ ದುಡ್ಡು ಅದು. ಹೆಂಡತಿಯ ಖಾತೆ, ಹೆಂಡತಿಯ ಕಾರ್ಡು. ಕೇಳದೆ ತೆಗೆದಿದ್ದ. ಹೇಗೂ ಎರಡು ತಿಂಗಳಲ್ಲಿ ತಾನಾಗಿಯೇ ಹಿಂದಕ್ಕೆ ಬಂದು ಕೂರುವ ದುಡ್ಡಿಗೆ ಕೇಳುವುದೇನು ಎಂದು ಇವನ ವಾದ. ಆಗ ನನ್ನ ತಲೆಗೆ ಒಂದು ವಿಷಯ ಹೊಳೆಯಿತು. ಕೊಟ್ಟವರು ಬೇಡವೆಂದರೆ ಗಡುವಿನ ಮೊದಲು ತಮ್ಮ ದುಡ್ಡು ಹಿಂದಕ್ಕೆ ಪಡೆಯಬಹುದು ಎಂದು ಆ ವೆಬ್‌ಸೈಟಿನಲ್ಲೇ ಬರೆದಿತ್ತು.

ನಾನು: ಹಾಗಾದ್ರೆ ನಿನ್ನದು ನೀನು ತಗೊಂಡು ಹೋಗು. ನಮ್ಮನ್ನ ಯಾಕೆ ಸಾಯಿಸ್ತೀಯ?

ತಮ್ಮ: ತಗೊಳ್ಳೋಕೆ ಒಂದು ಗುಟ್ಟಿನ ನಂಬರ್ ಬೇಕು. ಅದು ಅವಳ ಫೋನಿಗೆ ಬರತ್ತೆ.

ನಾನು: ಹಾಕುವಾಗ ಬರ್ಲಿಲ್ವಾ?

ತಮ್ಮ: ಬಂತು. ಆಗ ಅವಳು ಸ್ನಾನಕ್ಕೆ ಹೋಗಿದ್ಲು. ನೋಡ್ಕೊಂಡು ಅಳಿಸಿಬಿಟ್ಟೆ.

ಇವರು: ಇವತ್ತು ಸ್ನಾನ ಆಗೋಯ್ತಾ?

ಇವರು ಇದನ್ನು ಕುಹಕದಿಂದ ಕೇಳಿದ್ದಲ್ಲ. ಏನಾದರೂ ಉಪಾಯ ಸಿಗಬಹುದೇ ಎಂದು ನಿಜವಾಗಿಯೂ ಯೋಚಿಸುತ್ತಿದ್ದರು. ಇಂಥ ಮನುಷ್ಯನನ್ನು ಕಟ್ಟಿಕೊಂಡು ನಾನು ಜಗಳವಾಡಬೇಕು.

ನಾನು: ಅಲ್ಲ ಕಣೋ, ಅರ್ಧಕ್ಕಿಂತ ಹೆಚ್ಚು ಮುಳುಗತ್ತೆ ಅಂದೆಯಲ್ಲ. ಆ ಲೆಕ್ಕ ಏನಾಯ್ತು?

ತಮ್ಮ: ಲೆಕ್ಕ ಸರಿಯಾಗೇ ಇದೆ. ನಾನು ಎರಡನೇ ಪುಟ ಓದಿರ್ಲಿಲ್ಲ.

ನಾನು: ಎರಡನೇ ಪುಟದಲ್ಲಿ ಏನಿದೆ?

ತಮ್ಮ: ಮುಳುಗೋವು ಬಹಳಷ್ಟು ಶುರುವಿನಲ್ಲೇ ಮುಳುಗ್ತವಂತೆ. ಯಾರೂ ತಿರುಗಿ ನೋಡಲ್ಲ, ಹಾಗೇ ತಣ್ಣಗಾಗ್ತವೆ. ಮೊದಲು ಒಂದಿಷ್ಟು ದುಡ್ಡು ಬಿದ್ದು ಸ್ವಲ್ಪ ದೂರ ಬಂದವು ಮಾತ್ರ ಹೆಚ್ಚಿನಂಶ ಗೆಲ್ತವಂತೆ. ಜನ ನೋಡ್ತಾರೆ, ಓಹೋ ಇದಕ್ಕೆ ಯಾರೋ ಹಾಕಿದಾರೆ, ನಾವೂ ಹಾಕೋಣ ಅಂತ.

ನಾನು: ಹಾಗಾದ್ರೆ ಇದಕ್ಕೆ ಮೊದಲು ಹಾಕಿ ಸ್ವಲ್ಪ ದೂರ ತಳ್ಳಿದ್ದು ಯಾರು?

ತಮ್ಮ ಕತ್ತೆತ್ತಿದ. ತಲೆಯ ಮೇಲೆ ನೇತಾಡುತ್ತಿದ್ದ ಒಂದು ಹೂವಿನ ಕೊಡೆಯನ್ನೇ ನೋಡುತ್ತ ನಿಂತ. ಇವರು ಮೆಲ್ಲಗೆ ಹೇಳಿದರು, ಮೊದಲ ದಿನ ಒಂದೇ ಒಂದು ದೊಡ್ಡ ಮೊತ್ತ ಬಂದಿತ್ತು, ‘ಹಿತೈಷಿ’ ಅಂತ ಹೆಸರಿತ್ತು.

ತಮ್ಮ: ನಾನೇ ಭಾವ.

ನನಗೆ ನಗು ತಡೆಯಲಾಗಲಿಲ್ಲ. ಮುಳುಗಿಸಲು ಬಂದವನೇ ಹಡಗನ್ನು ದಡದಿಂದ ನೂಕಿ, ಈಗ ದಡದಲ್ಲಿ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದ. ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಇವರು: ಒಬ್ಬ ನೀನು ಹಾಕಿದ್ದಕ್ಕೇನಂತೆ. ಬೇರೆಯವರು ಎಷ್ಟು ಪ್ರೀತಿಯಿಂದ ಹಾಕಿದಾರೆ ನೋಡು. ನಿಮ್ಮ ಕೊಡೆಯ ಕೆಳಗೆ ನಾವೆಲ್ಲ ಇದ್ದೇವೆ ಅಂತ ಒಬ್ಬರು ಬರೆದಿದಾರೆ. ನಾನು ಅದನ್ನ ದಿನಾ ಓದ್ತೀನಿ.

ತಮ್ಮ: ಅವರು ನಮ್ಮ ಮ್ಯಾನೇಜರ್ ಭಾವ.

ಇವರು: ಹೌದಾ? ದೊಡ್ಡ ಮನುಷ್ಯರು.

ತಮ್ಮ: ಅವರಿಗೂ ನಾನೇ ಹೇಳಿದ್ದು. ಇಡೀ ಆಫೀಸಿಗೇ ಹೇಳಿದ್ದೆ. ಹೇಗೂ ಸೋಲತ್ತೆ, ದುಡ್ಡು ವಾಪಸ್ ಬರತ್ತೆ, ನಮ್ಮ ಭಾವನಿಗೆ ಸಮಾಧಾನ ಆಗ್ಲಿ, ಎಲ್ಲರೂ ಧಾರಾಳವಾಗಿ ಹಾಕಿ ಅಂತ. ಹಾಕಿದ್ರು. ಅವರವರ ನೆಂಟರಿಗೂ ಹೇಳಿದ್ರು. ಈಗ ಮಧ್ಯಾಹ್ನದಿಂದ ಎಲ್ಲರೂ ನನ್ನ ಮೇಜಿನ ಸುತ್ತ ನಿಂತಿದಾರೆ, ಹೊಗಳಿ ಬರೆದು ಈಗ ನಾವೇ ವಾಪಸ್ ತಗೊಂಡ್ರೆ ಚೆನ್ನಾಗಿರಲ್ಲ, ನಿಮ್ಮ ಭಾವನ ಕೈಲೇ ರದ್ದು ಮಾಡಿಸು ಅಂತ.

ಇವರು ಕೂತರು. ಸ್ಟೂಲಿನ ಮೇಲೆ ಒಂದು ಕಡ್ಡಿ ಇತ್ತು, ಅದರ ಮೇಲೇ ಕೂತರು, ಅದೂ ಗೊತ್ತಾಗಲಿಲ್ಲ. ಎರಡು ತಿಂಗಳಿಂದ ದಿನಾ ಸಂಜೆ ಆ ಮಾತುಗಳನ್ನು ನನಗೆ ಓದಿ ಹೇಳುತ್ತಿದ್ದರು. ನಾನು ಪಾತ್ರೆ ತೊಳೆಯುತ್ತಿದ್ದರೆ ಬೆನ್ನ ಹಿಂದೆ ಬಂದು ನಿಂತು ಓದುತ್ತಿದ್ದರು. ಜನರಲ್ಲಿ ಎಷ್ಟು ಒಳ್ಳೆಯತನ ಇದೆ ನೋಡು ಎನ್ನುತ್ತಿದ್ದರು. ನಾನು ತಮ್ಮ ಅಂತ ನೋಡದೆ ಹತ್ತಿರವಿದ್ದ ಉದ್ದ ಕೊಡೆಗೆ ಕೈ ಹಾಕಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಅದು ಯಾರೋ ಗಿರಾಕಿಯದು ಅಕ್ಕ, ಮುರಿದೀತು ಎಂದ.

ಇವರು: ಆ ರದ್ದು ಮಾಡೋ ಗುಂಡಿ ಎಲ್ಲಿದೆ?

ತಮ್ಮ: ಬಲಗಡೆ ಮೂಲೇಲಿ ಭಾವ. ಅದನ್ನೇ ನಾನು ಅರ್ಧ ಗಂಟೆಯಿಂದ ಕೇಳ್ತಾ ಇರೋದು. ನೀವು ಒಂದು ಸಲ ಒತ್ತಿದ್ರೆ ಸಾಕು, ಎಲ್ಲರದ್ದೂ ಎಲ್ಲರಿಗೂ ವಾಪಸ್.

ನಾನು: ಒತ್ತಿದ್ರೆ ನೋಡಿ ಮತ್ತೆ.

ಇವರು: ಯಾರಿಗೂ ಬೇಡದ ಕೊಡೆ ನಾನ್ಯಾಕೆ ಮಾಡ್ಲಿ? ಎಲ್ಲರೂ ನಾನು ಸೋಲ್ಲಿ ಅಂತ ಕಾಯ್ತಾ ಕೂತಿರುವಾಗ ನಾನು ಗೆದ್ರೆ ಅದು ಮರ್ಯಾದೆನಾ?

ನಾನು: ಆಫೀಸಿನವರು ಬಿಡಿ. ಗುರುತಿಲ್ಲದವರೂ ಹಾಕಿದಾರಲ್ಲ.

ಇವರು: ಅವರೂ ಹೀಗೇ ಅಂದ್ಕೊಂಡು ಹಾಕಿರ್ಬೇಕು. ಲೆಕ್ಕ ಎಲ್ಲರಿಗೂ ಗೊತ್ತಿರತ್ತೆ. ನನಗೊಬ್ಬನಿಗೆ ಗೊತ್ತಿರ್ಲಿಲ್ಲ. ಸೋಮವಾರ ಎಷ್ಟು ಹೊತ್ತಿಗೆ ಬರ್ಬೇಕಪ್ಪ ನಿಮ್ಮ ಆಫೀಸಿಗೆ?

ಇವರ ಬೆರಳು ಲ್ಯಾಪ್‌ಟಾಪಿನ ಕಡೆ ಹೋಯಿತು. ನಾನು ಅದನ್ನು ಎತ್ತಿ ಮಡಚಿ ನನ್ನ ಮಡಿಲಲ್ಲಿಟ್ಟು, ಮೇಲೆ ಎರಡೂ ಕೈ ಹೇರಿಕೊಂಡು ಕೂತೆ. ತಮ್ಮನ ಮುಖದಲ್ಲಿ ಸ್ವಲ್ಪ ಆಸೆ ಕಾಣಿಸಿತು.

ತಮ್ಮ: ಮುಚ್ಚಿದ್ರೆ ನಿಂತುಹೋಗತ್ತಾ ಅದು?

ಇವರು: ಅಂಗಡಿ ಬಾಗಿಲು ಹಾಕಿದ್ರೆ ಮಳೆ ನಿಲ್ಲತ್ತೇನಪ್ಪ?

ತಮ್ಮ: ಅಕ್ಕ, ನಿನಗೆ ಅರ್ಥ ಆಗಲ್ಲ. ನೀನು ಇದರಲ್ಲಿ ಒಂದು ಕಾಸೂ ಹಾಕಿಲ್ಲ.

ನಾನು: ನಾನು ಈ ಮನುಷ್ಯನ ಮೇಲೆ ಹಾಕಿರೋದನ್ನ ಯಾವ ವೆಬ್‌ಸೈಟೂ ವಾಪಸ್ ಕೊಡಲ್ಲ. ನೀನು ಸುಮ್ನಿರು.

ಆಗ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಅತ್ತಿಗೆ ಇದ್ದೀರಾ ಎಂಬ ದನಿ. ತಮ್ಮನ ಹೆಂಡತಿ. ನನ್ನ ತಮ್ಮ ಎಷ್ಟು ಚುರುಕು ಎಂದು ನನಗೆ ಗೊತ್ತಾಗಿದ್ದು ಅವತ್ತೇ. ಮೂಲೆಯಲ್ಲಿ ಒರಗಿಸಿಟ್ಟಿದ್ದ ಜಗಳದ ಕೊಡೆಯನ್ನು ಒಂದೇ ಏಟಿಗೆ ಬಿಡಿಸಿ, ನೆಲಕ್ಕೆ ಊರಿ, ಅದರ ಪರದೆಯ ಹಿಂದೆ ಅಡಗಿದ. ಮಾದರಿಗೆಂದು ಮಾಡಿದ ಕೊಡೆ ಅದು, ಪರದೆ ಮೊಳಕಾಲಿನವರೆಗೆ ಮಾತ್ರ. ಕೆಳಗೆ ಅವನ ಪಾಲಿಶ್ ಮಾಡಿದ ಬೂಟುಗಳು ಎರಡೂ ಚೆನ್ನಾಗಿ ಕಾಣುತ್ತಿದ್ದವು. ನಾನು ಎದ್ದು ಅವುಗಳ ಮುಂದೆ ನಿಂತೆ. ಬೈಯಬೇಕಾದವನನ್ನು ಬಚ್ಚಿಡುವ ಕೆಲಸ ಅಕ್ಕಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತಮ್ಮನ ಹೆಂಡತಿ: ನಮ್ಮವರು ಇಲ್ಲಿಗೆ ಬಂದಿದ್ರಾ ಅತ್ತಿಗೆ? ಆಫೀಸಿಗೆ ಫೋನ್ ಮಾಡಿದ್ರೆ ಓಡಿಹೋದ್ರು ಅಂತಾರೆ.

ನಾನು: ಯಾರು, ನನ್ನ ತಮ್ಮನಾ? ಅವನು ಯಾಕೆ ಬರ್ತಾನೆ ಇಲ್ಲಿಗೆ.

ಇವರು: ಬಂದಿಲ್ಲ, ಬಂದಿಲ್ಲ. ಬಂದ್ರೂ ಹಿಂದೆ ಇರಲ್ಲ.

ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಪುಣ್ಯಕ್ಕೆ ಅವಳ ಗಮನ ಬೇರೆಲ್ಲೋ ಇತ್ತು.

ತಮ್ಮನ ಹೆಂಡತಿ: ಇಲ್ದೇ ಇದ್ದಿದ್ದೇ ಒಳ್ಳೇದಾಯ್ತು ಬಿಡಿ. ಅವರ ಎದುರು ಹೇಳೋಕೆ ನಾಚಿಕೆ ಆಗತ್ತೆ. ಅತ್ತಿಗೆ, ನಿಮಗೊಂದು ವಿಷಯ ಗೊತ್ತಾ? ಅಣ್ಣನ ಕೊಡೆಗೆ ಅವರು ನನ್ನ ವಾಷಿಂಗ್ ಮೆಷಿನ್ ದುಡ್ಡು ಪೂರ್ತಿ ಹಾಕಿದಾರೆ.

ಕೊಡೆ ಅಲ್ಲಾಡಿತು. ಗಾಳಿ ಎಂದೆ. ಕಿಟಕಿಯಿಲ್ಲದ ಅಂಗಡಿ ನಮ್ಮದು.

ನಾನು: ನಿನಗೆ ಯಾರು ಹೇಳಿದ್ದು?

ತಮ್ಮನ ಹೆಂಡತಿ: ಯಾರು ಹೇಳ್ಬೇಕು? ಖಾತೇಲಿ ದುಡ್ಡು ಇಲ್ಲ ಅಂತ ಬ್ಯಾಂಕಿಗೆ ಹೋಗಿ ಕೇಳ್ದೆ. ಎಲ್ಲಿಗೆ ಹೋಯ್ತು ಅಂತ ಅವರೇ ತೋರಿಸಿದ್ರು. ಮೊದಲನೇ ವಾರದಲ್ಲೇ ಗೊತ್ತಾಯ್ತು.

ಇವರು: ಬೈಯ್ಲಿಲ್ವಾ ಅವನಿಗೆ?

ತಮ್ಮನ ಹೆಂಡತಿ: ಬೈಯೋಣ ಅಂತಲೇ ಹೊರಟೆ ಅಣ್ಣ. ಆಮೇಲೆ ಯೋಚನೆ ಮಾಡ್ದೆ. ಈ ಮನುಷ್ಯ ಟೊಮೇಟೊ ತಗೊಳ್ಳುವಾಗ್ಲೂ ಎಷ್ಟು ಕೊಳೀಬಹುದು ಅಂತ ಲೆಕ್ಕ ಹಾಕೋರು. ಹನಿಮೂನಿಗೆ ಹೋದಾಗ ದೋಣಿ ಹತ್ತಿಸ್ಲಿಲ್ಲ, ಎಷ್ಟು ದೋಣಿ ಮಗುಚಿದಾವೆ ಗೊತ್ತಾ ಅಂದ್ರು. ಅಂಥವರು ಸೋಲತ್ತೆ ಅಂತ ಗೊತ್ತಿದ್ದೂ ಅಕ್ಕನ ಸಲುವಾಗಿ, ಭಾವನ ಸಲುವಾಗಿ ಅಷ್ಟೂ ದುಡ್ಡು ಸುರಿದಿದಾರೆ. ಲೆಕ್ಕ ನೋಡ್ದೇ ಅವರು ಮಾಡಿದ ಮೊದಲನೇ ಕೆಲಸ ಅತ್ತಿಗೆ ಇದು. ನನಗೆ ಅವತ್ತು ಅಳುನೇ ಬಂತು. ಇಂಥವರಿಗೆ ಶೇಕಡಾ ಅಂತ ಹೆಸರಿಟ್ಟು ಆಡ್ಕೊಳ್ತೀವಲ್ಲ ಅಂತ.

ಅವಳು ಕಣ್ಣು ಒರೆಸಿಕೊಂಡಳು. ಇವರೂ ಒರೆಸಿಕೊಂಡರು, ಯಾವ ಕಾರಣಕ್ಕೋ ಕಾಣೆ. ಕೊಡೆ ಈಗ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ಸೋತರೆ ದುಡ್ಡು ವಾಪಸ್ ಬರುತ್ತದೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ನನಗೆ ನಾಲಿಗೆಯ ತುದಿಯವರೆಗೆ ಬಂದಿತ್ತು. ಒಂದು ಮಾತು, ಒಂದೇ ಒಂದು ಮಾತು ಆಡಿದರೆ ತಮ್ಮನ ಕಥೆ ಮುಗಿಯುತ್ತಿತ್ತು. ಆದರೆ ಅವಳ ಮುಖ ನೋಡಿ ನುಂಗಿಕೊಂಡೆ. ಆ ಹುಡುಗಿಗೆ ಉಳಿದ ಮೂವತ್ತು ಪರ್ಸೆಂಟು ಅವತ್ತು ಸಿಕ್ಕಿತ್ತು. ಅದನ್ನು ಕಿತ್ತುಕೊಳ್ಳುವಷ್ಟು ಕೆಟ್ಟವಳಲ್ಲ ನಾನು.

ತಮ್ಮನ ಹೆಂಡತಿ: ಈಗ ಎಷ್ಟಾಗಿದೆ ಅಣ್ಣ?

ಇವರು: ತೊಂಬತ್ತೇಳು. ಆದ್ರೆ ನಾನು ಅದನ್ನ ರದ್ದು ಮಾಡೋಣ ಅಂತಿದ್ದೆ ತಾಯಿ. ಯಾರಿಗೂ ನಿಜವಾಗಿ ಕೊಡೆ ಬೇಕಾಗಿಲ್ಲ ಅನ್ಸತ್ತೆ.

ತಮ್ಮನ ಹೆಂಡತಿ: ಬೇಕಾಗಿಲ್ಲ ಅಂತ ಯಾರು ಹೇಳಿದ್ದು? ನನಗೆ ಬೇಕು. ನಮ್ಮಿಬ್ಬರಿಗೆ ಒಂದು, ಪಕ್ಕದ ಮನೆಯವರಿಗೆ ಒಂದು. ಅವರ ಜಗಳ ಕೇಳಿದೀರಾ? ಆ ಪರದೆ ಮಾತ್ರ ಸ್ವಲ್ಪ ದಪ್ಪ ಬಟ್ಟೇಲಿ ಮಾಡಿ. ನಮ್ಮವರದ್ದು ಮೆಲ್ಲಗಿನ ಮಾತು, ತೆಳು ಬಟ್ಟೆ ಆದ್ರೆ ಎಲ್ಲಾ ಕೇಳಿಸತ್ತೆ.

ಇವರು ತಲೆಯಾಡಿಸಲಿಲ್ಲ. ನನಗೆ ಆಶ್ಚರ್ಯವಾಯಿತು. ಮೇಜಿನ ಮೇಲಿದ್ದ ಬಟ್ಟೆಯ ತುಂಡುಗಳನ್ನು ಎಳೆದು, ಇದು ದಪ್ಪ ಸಾಕಾ, ಇದಕ್ಕೆ ಒಳಗಡೆ ಇನ್ನೊಂದು ಪದರ ಕೊಡಲಾ ಎಂದು ಅವಳಿಗೆ ತೋರಿಸತೊಡಗಿದರು. ಅವಳು ಬೆರಳಲ್ಲಿ ಉಜ್ಜಿ ನೋಡಿ, ಇದು ಒದ್ದೆಯಾದರೆ ಭಾರವಾಗುತ್ತದೆ, ಅದು ಬೇಡ ಎಂದಳು. ಕೊಡೆ ಬೇಕಾದವರು ಮಾತನಾಡುವ ರೀತಿಯೇ ಬೇರೆ. ಅದು ಇವರಿಗೆ ಗೊತ್ತಾಗುತ್ತದೆ. ಆಗ ಆ ಮುಖ ನೋಡಬೇಕಿತ್ತು ನೀವು.

ತಮ್ಮನ ಹೆಂಡತಿ: ಇರಿ, ಉಳಿದಿದ್ದನ್ನ ನಾನು ಹಾಕ್ತೀನಿ. ಅವರು ಅಷ್ಟು ಮಾಡಿದ್ಮೇಲೆ ನಾನು ಇಷ್ಟಾದ್ರೂ ಮಾಡ್ಬೇಡ್ವಾ? ಸೋಫಾಗೆ ಅಂತ ಬೇರೆ ಇಟ್ಟಿದ್ದೆ.

ಕೊಡೆಯ ಹಿಂದಿನಿಂದ ಬೇಡ ಎಂಬ ಒಂದು ದನಿ ಬಂತು. ಬಹಳ ಸಣ್ಣ ದನಿ. ಅಷ್ಟರಲ್ಲಿ ಅವಳು ಫೋನಿನಲ್ಲಿ ಒತ್ತಿಯಾಗಿತ್ತು. ನಾನು ಎದೆಗವಚಿಕೊಂಡಿದ್ದ ಲ್ಯಾಪ್‌ಟಾಪು ತೆರೆದು ಮೆಷಿನ್ನಿನ ಮೇಲಿಟ್ಟೆ. ಹಸಿರು ಪಟ್ಟಿ ಕೊನೆಯವರೆಗೆ ತುಂಬಿ, ಬಣ್ಣ ಬಣ್ಣದ ಕಾಗದದ ಚೂರುಗಳು ಸ್ಕ್ರೀನಿನ ಮೇಲೆಲ್ಲ ಉದುರಿದವು. ನನ್ನ ತಮ್ಮ ಕೊಡೆಸಮೇತ ಮುಂದಕ್ಕೆ ಉರುಳಿ ಬಿದ್ದ.

ತಮ್ಮನ ಹೆಂಡತಿ: ಇಲ್ಲೇ ಇದ್ರಾ? ಎಲ್ಲಾ ಕೇಳಿಸ್ಕೊಂಡ್ರಾ?

ತಮ್ಮ: ಹೂಂ.

ತಮ್ಮನ ಹೆಂಡತಿ: ಯಾಕೆ ಅಡಗಿದ್ರಿ? ಮಾಡಿದ ಒಳ್ಳೇ ಕೆಲಸ ಹೇಳ್ಕೊಳ್ಳೋಕೆ ಸಂಕೋಚನಾ?

ತಮ್ಮ ನೆಲದಲ್ಲಿ ಕೂತಲ್ಲಿಂದಲೇ ನನ್ನನ್ನು ನೋಡಿದ. ಚಿಕ್ಕವನಿದ್ದಾಗ ಕಿಟಕಿ ಗಾಜು ಒಡೆದು ಹೀಗೇ ನೋಡುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ, ಆದರೆ ಮುಚ್ಚಿಕೊಂಡಿದ್ದೇನೆ ಎನ್ನುವುದು ಅವನಿಗೆ ಚೆನ್ನಾಗಿ ಕಾಣುವ ಹಾಗೆ ಮುಚ್ಚಿಕೊಂಡಿದ್ದೆ.

ತಮ್ಮ: ಹೂಂ ಕಣೇ. ಸಂಕೋಚ. ಲೆಕ್ಕ ಗಿಕ್ಕ ನೋಡ್ಲಿಲ್ಲ. ಹಾಕ್ಬೇಕು ಅನ್ನಿಸ್ತು, ಹಾಕ್ಬಿಟ್ಟೆ.

ಅವಳು ಅವನ ತೋಳಿಗೆ ಅಂಟಿದ್ದ ದಾರದ ಎಳೆಗಳನ್ನು ಒಂದೊಂದಾಗಿ ತೆಗೆದಳು. ವಾಷಿಂಗ್ ಮೆಷಿನ್ನಿಗೇನು ಅವಸರ, ಅಲ್ಲಿಯವರೆಗೆ ನೀವು ಒಗೆದುಕೊಟ್ಟರೆ ಸಾಕು ಎಂದೂ ಸಮಾಧಾನ ಹೇಳಿದಳು. ಅವನು ಅದಕ್ಕೂ ಹೂಂ ಎಂದ. ನಾವು ಮೂವರೂ ಇವರ ಕಡೆ ತಿರುಗಿದೆವು. ಗೆದ್ದವರು ಇವರು ತಾನೆ? ಇವರು ಮಾತ್ರ ಬಟ್ಟೆಯ ತುಂಡೊಂದನ್ನು ಮಡಚುತ್ತ, ಬಿಚ್ಚುತ್ತ ನಿಂತಿದ್ದರು.

ನಾನು: ಏನ್ರೀ, ಖುಷಿ ಆಗ್ಲಿಲ್ವಾ?

ಇವರು: ಆಯ್ತು. ಆದ್ರೆ ಒಂದು ಸಣ್ಣ ವಿಷಯ ಇದೆ.

ನಾನು: ಹೇಳಿ.

ಇವರು: ದುಡ್ಡು ಹಾಕಿದವರಿಗೆ ಕೊಡೆ ಜೊತೆಗೆ ಇನ್ನೇನಾದ್ರೂ ಕೊಡ್ತೀರಾ ಅಂತ ವೆಬ್‌ಸೈಟಲ್ಲಿ ಕೇಳಿದ್ರು. ಹೇಗೂ ಸೋಲತ್ತೆ ಅಂತ ಇವನು ಹೇಳಿದ್ನಲ್ಲ. ಸೋಲೋವಾಗ ಜಿಪುಣತನ ಯಾಕೆ ಅಂತ ಬರೆದುಬಿಟ್ಟೆ.

ನಾನು: ಏನಂತ?

ಇವರು: ಅವರ ಮನೇಲಿರೋ ಎಲ್ಲಾ ಕೊಡೆಗೂ ಜೀವನಪೂರ್ತಿ ಉಚಿತ ರಿಪೇರಿ.

ಮೊದಲು ಚೇತರಿಸಿಕೊಂಡವನು ನನ್ನ ತಮ್ಮ. ಅದು ಅವನ ವಿದ್ಯೆಗೆ ಸಂಬಂಧಪಟ್ಟ ವಿಷಯ. ನಮ್ಮ ಆಫೀಸಿನಲ್ಲೇ ಬಹಳ ಜನ ಚಿಕ್ಕ ವಯಸ್ಸಿನವರು, ಆರೋಗ್ಯವೂ ಚೆನ್ನಾಗಿದೆ, ನೀವು ಹೇಗೂ ಅವರಿಗಿಂತ ಮೊದಲೇ ಹೋಗುತ್ತೀರಿ ಎಂದು ಭಾವನಿಗೆ ಧೈರ್ಯ ತುಂಬಿದ. ಇವರು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ತಲೆಯ ಮೇಲೆ ನೇತಾಡುವ ಕೊಡೆಗಳನ್ನು, ಮೆಷಿನ್ನನ್ನು, ನೆಲದ ಕಡ್ಡಿಗಳನ್ನು ಹೊಸದಾಗಿ ನೋಡುವವರ ಹಾಗೆ ನೋಡುತ್ತಿದ್ದರು.

ಇವರು: ಹಾಗಾದ್ರೆ ಈ ಅಂಗಡಿ ಮುಚ್ಚೋ ಹಾಗೇ ಇಲ್ಲ ಅಲ್ವಾ?

ನಾನು: ಸಾಯೋವರೆಗೂ ಇಲ್ಲ.

ಇವರು: ಛೆ.

ಛೆ ಎಂದರು, ಆದರೆ ಆ ಮುಖದ ತುಂಬ ನಗು. ಇಷ್ಟು ನಿರಾಳವಾದ ನಗು ಎರಡು ತಿಂಗಳಿಂದ ಕಂಡಿರಲಿಲ್ಲ. ಅಂಗಡಿ ಮುಚ್ಚುವುದು ಈ ಮನುಷ್ಯನಿಗೆ ಎಷ್ಟು ನೋವಿನ ವಿಷಯವಾಗಿತ್ತು ಎಂದು ನನಗೆ ಪೂರ್ತಿಯಾಗಿ ಅರ್ಥವಾಗಿದ್ದು ಆಗಲೇ. ಕಣ್ಣು ತುಂಬಿ ಬಂತು. ಬೈಯಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿದೆ.

ತಮ್ಮ: ಅದೆಲ್ಲ ಸರಿ ಭಾವ. ಪುಕ್ಕಟೆ ರಿಪೇರಿ ಮಾಡ್ತಾ ಕೂತ್ರೆ ಮನೆ ನಡೆಯೋದು ಹೇಗೆ? ಅದೂ ಅಲ್ದೆ ಸೋಮವಾರದಿಂದ ನಮ್ಮ ಮನೆಯವರೊಬ್ಬರು ಕೆಲ್ಸಕ್ಕೆ ಬರ್ತಾರೆ ಅಂತ ಮ್ಯಾನೇಜರಿಗೆ ಮಾತು ಕೊಟ್ಟಿದೀನಿ. ಅವರು ಮೊದಲೇ ಇವತ್ತು ಕೆಂಡ ಆಗಿದಾರೆ. ಕುರ್ಚಿ ಖಾಲಿ ಬಿಟ್ರೆ ನನ್ನ ಕುರ್ಚಿಗೂ ಸಂಚಕಾರ.

ತಮ್ಮನ ಹೆಂಡತಿ: ಅತ್ತಿಗೆ ಇದಾರಲ್ಲ. ಲೆಕ್ಕದಲ್ಲಿ ಅವರೇನು ಕಮ್ಮಿನಾ?

ಇವರು: ಕಮ್ಮಿನಾ? ನಾನು ಮದುವೆಯಾದ ವರ್ಷ ಮಾಡಿದ ತಪ್ಪಿನಿಂದ ಹಿಡಿದು ಇವತ್ತಿನವರೆಗೆ ಒಂದೂ ಬಿಡದೆ ಹೇಳ್ತಾಳೆ.

ಎಲ್ಲರೂ ನನ್ನನ್ನೇ ನೋಡಿದರು. ಯೋಚಿಸಿದೆ. ಸಂಬಳ ಬರುತ್ತದೆ, ಇವರ ಅಂಗಡಿ ಉಳಿಯುತ್ತದೆ, ದಿನಾ ಕೂತು ಈ ಕೊಡೆಗಳ ಮುಖ ನೋಡುವುದೂ ತಪ್ಪುತ್ತದೆ. ಕೆಟ್ಟ ಏರ್ಪಾಡೇನಲ್ಲ.

ನಾನು: ಬರ್ತೀನಿ. ಆದ್ರೆ ಅಲ್ಲಿ ನಾನು ಯಾರ ಮಾತು ಕೇಳ್ಬೇಕು?

ತಮ್ಮ: ನನ್ನದೇ ಅಕ್ಕ. ಆ ಕುರ್ಚಿಗೆ ಮೇಲಿನವನು ನಾನೇ.

ನಾನು: ಅದು ಎಷ್ಟು ದಿನ ನಡೆಯತ್ತೆ ಅಂತ ಲೆಕ್ಕ ಹಾಕಿದೀಯಾ?